ಬಣವೆಯ ಹಿಂದೆ ಕೂಡುವ ಹಿಮ

ಈ ಸಲ ಸುಗ್ಗಿಯ ಹೊತ್ತಿಗೆ ವಿಜಯಪುರ ಜಿಲ್ಲೆಯ ನಮ್ಮೂರಿಗೆ ಬಂದಿದ್ದಾಗ, ಹೊಲದ ಬದಿಯ ಬೇವಿನ ಗಿಡದ ಕೆಳಗೆ ಕುಳಿತು ಕಾಕಾನಿಗೆ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದೆ. ಅಮೆರಿಕದ ಯೂಟಾ ರಾಜ್ಯದ ಆಲ್ಟಾ ಎಂಬಲ್ಲಿ, ಜನವರಿಯ ಒಂದು ಗಾಳಿಯ ದಿನ, ನಾನು ಹೊಸ ಹಿಮದ ಮೇಲೆ ಸ್ಕೀ ಮಾಡುತ್ತಿದ್ದಾಗ ಗೆಳೆಯ ತೆಗೆದ ಹದಿನೈದು ಸೆಕೆಂಡಿನ ವಿಡಿಯೊ ಅದು. ಎಲ್ಲೆಲ್ಲೂ ಬಿಳುಪು, ಗಾಳಿಯ ಭೋರಾಟ, ಒಂದು ಅಂಚಿನಲ್ಲಿ ಗುಡ್ಡದ ಹೆಗಲು, ನಡುವೆ ಒಮ್ಮೆ ನನ್ನ ಕೆಂಪು ಜಾಕೆಟ್ಟು; ಇಷ್ಟನ್ನು ಬಿಟ್ಟರೆ ಅದರಲ್ಲಿ ಏನೂ ಕಾಣುವುದಿಲ್ಲ. ಮನೆಯ ಉಳಿದವರೆಲ್ಲ ಥಂಡಿ ಎಷ್ಟಿತ್ತೆಂದು ಕೇಳಿದ್ದರು. ಕಾಕಾ ಮಾತ್ರ, ‘ಗಾಳಿ ಯಾವ ಕಡಿಂದ ಬೀಸ್ತಿತ್ತು ತಮ್ಮಾ?’ ಎಂದರು. ಆ ಬೆಳಿಗ್ಗೆ ನಾನು ಬಿದ್ದದ್ದು ಇದೇ ಪ್ರಶ್ನೆಯನ್ನು ಕೇಳಿಕೊಳ್ಳದೆ ಜಾರಲು ಹೊರಟದ್ದಕ್ಕೆ.

ಆಲ್ಟಾ ಇರುವುದು ನಾನು ವಾಸಿಸುವ ಸಾಲ್ಟ್ ಲೇಕ್ ಸಿಟಿಯ ಆಗ್ನೇಯಕ್ಕೆ, ಲಿಟಲ್ ಕಾಟನ್‌ವುಡ್ ಎಂಬ ಕಣಿವೆಯ ಮೇಲ್ತುದಿಯಲ್ಲಿ. ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದ್ದರೆ, ಜಾರುವವರನ್ನು ಗುಡ್ಡದ ಮೇಲಕ್ಕೆ ಒಯ್ಯುವ ಅಲ್ಲಿಯ ಲಿಫ್ಟುಗಳು ಹೊರಡುವುದೇ ಸುಮಾರು 2,600 ಮೀಟರ್ ಎತ್ತರದಿಂದ. ಬೂಟಿನ ಕೊಂಡಿ ಹಾಕಿಕೊಳ್ಳಲು ಬಗ್ಗಿದರೂ ಏದುಸಿರು ಬರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬೆಳ್ಳಿ ಗಣಿಯ ಊರಾಗಿದ್ದ ಆಲ್ಟಾದಲ್ಲಿ 1938-39ರ ಚಳಿಗಾಲದಿಂದ ಸ್ಕೀ ಲಿಫ್ಟ್ ಓಡುತ್ತಿದೆ. ಒಂದೇ ಹಲಗೆಯ ಮೇಲೆ ಅಡ್ಡ ನಿಂತು ಜಾರುವ ಸ್ನೋಬೋರ್ಡಿನವರಿಗೆ ಅಲ್ಲಿ ಇಂದಿಗೂ ಪ್ರವೇಶವಿಲ್ಲ. ನನಗೆ ಇದು ಮಡಿವಂತಿಕೆಯಂತೆ ಕಂಡರೂ, ಕಾಲಿಗೊಂದರಂತೆ ಎರಡು ಹಲಗೆ ಕಟ್ಟಿಕೊಳ್ಳುವವನಾದ್ದರಿಂದ ಜಗಳಕ್ಕೆ ಹೋಗಿಲ್ಲ.

ಅಲ್ಲಿಯ ಹಿಮಕ್ಕೆ ಹೆಸರು ಬಂದಿರುವುದು ಅದರ ಹಗುರತನದಿಂದ. ಪೆಸಿಫಿಕ್ ಸಾಗರದಿಂದ ಹೊರಟ ಮೋಡಗಳು ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಪರ್ವತಗಳ ಮೇಲೆ ಒಂದಷ್ಟು ತೇವ ಇಳಿಸಿ, ನೆವಾಡಾದ ಒಣನೆಲವನ್ನು ದಾಟಿ, ಯೂಟಾದ ವಾಸಾಚ್ ಪರ್ವತಗಳಿಗೆ ಬಂದು ಮುಟ್ಟುವಾಗ ಅವುಗಳಲ್ಲಿ ಉಳಿದಿರುವುದು ಒಣ, ತಣ್ಣನೆಯ ಹಿಮ. ಮೋಡದೊಳಗಿನ ಉಷ್ಣತೆ ಸೊನ್ನೆಗಿಂತ 15 ಡಿಗ್ರಿ ಸೆಲ್ಸಿಯಸ್ ಕೆಳಗಿನ ಆಸುಪಾಸಿನಲ್ಲಿದ್ದರೆ ಹರಳುಗಳು ಆರು ಕೊಂಬೆಯ ನಕ್ಷತ್ರದಂತೆ ಬೆಳೆಯುತ್ತವೆ. ಆ ಕೊಂಬೆಗಳು ಒಂದಕ್ಕೊಂದು ಸಿಕ್ಕಿಕೊಂಡು ನಡುವೆ ಗಾಳಿಯನ್ನು ಹಿಡಿದಿಟ್ಟುಕೊಳ್ಳುವುದರಿಂದ, ನೂರು ಸೆಂಟಿಮೀಟರ್ ಹಿಮ ಕರಗಿದರೆ ಎಂಟೊಂಬತ್ತು ಸೆಂಟಿಮೀಟರ್ ನೀರಷ್ಟೇ ಸಿಗುತ್ತದೆ. ಇಂಥ ಹಿಮವನ್ನೇ ಅಲ್ಲಿಯವರು ಪೌಡರ್ ಎನ್ನುವುದು. ಗಿರಣಿಯಿಂದ ಆಗತಾನೆ ಬಂದ ಜೋಳದ ಹಿಟ್ಟಿನಲ್ಲಿ ಕೈ ಇಟ್ಟರೆ ಕೈ ತಾನಾಗಿ ಇಳಿಯುತ್ತದಲ್ಲ, ಅದೇ ಅನುಭವ ಮೊಣಕಾಲವರೆಗೂ ಆಗುತ್ತದೆಂದು ಊಹಿಸಿಕೊಳ್ಳಬಹುದು. ಅದರ ಮೇಲೆ ಜಾರುವುದೆಂದರೆ ನಿಜದಲ್ಲಿ ಅದರೊಳಗೆ ತೇಲುವುದು. ಗಟ್ಟಿ ಹಿಮದಲ್ಲಿ ಕೆಳಗಿನ ಕಾಲಿನ ಮೇಲೆ ಭಾರ ಹಾಕಿ, ಹಲಗೆಯ ಅಂಚು ಕಚ್ಚಿಸಿ ತಿರುಗುತ್ತೇವೆ. ಪೌಡರಿನಲ್ಲಿ ಹಾಗೆ ಮಾಡಿದರೆ ಆ ಕಾಲು ಹೂತುಹೋಗುತ್ತದೆ. ಎರಡೂ ಕಾಲುಗಳನ್ನು ಹತ್ತಿರವಿಟ್ಟು, ಭಾರವನ್ನು ಸಮನಾಗಿ ಹಂಚಿ, ತೊಟ್ಟಿಲು ತೂಗಿದ ಲಯದಲ್ಲಿ ಇಳಿದು ಏಳುತ್ತ ಹೋಗಬೇಕು. ಹೆದರಿ ಹಿಂದಕ್ಕೆ ವಾಲಿದವರ ತೊಡೆಗಳು ಅರ್ಧ ಗಂಟೆಯಲ್ಲಿ ಉರಿಯತೊಡಗುತ್ತವೆ. ಮೊದಲ ಎರಡು ವರ್ಷ ನನಗೆ ನೆನಪಿರುವುದು ಆ ಉರಿಯೊಂದೇ.

ಆ ದಿನ ಬೆಳಕು ಹರಿಯುವ ಮೊದಲೇ ಕಣಿವೆಯಲ್ಲಿ ಸ್ಫೋಟಗಳ ಸದ್ದು ಕೇಳುತ್ತಿತ್ತು. ರಾತ್ರಿ ಬಿದ್ದ ಹಿಮ ತಾನಾಗಿ ಕುಸಿದು ಜನರ ಮೇಲೆ ಬರುವ ಮೊದಲು ಸಿಡಿಮದ್ದಿನಿಂದ ಅದನ್ನು ಕೆಡವುವುದು ಅಲ್ಲಿಯ ನಿತ್ಯದ ಕೆಲಸ. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಅರಣ್ಯ ಇಲಾಖೆಯ ಪರವಾಗಿ ಆಲ್ಟಾಕ್ಕೆ ಬಂದ ಮಾಂಟ್‌ಗೊಮರಿ ಆಟ್‌ವಾಟರ್ ಎಂಬವರು ಹಿಮಕುಸಿತವನ್ನು ಅಭ್ಯಾಸ ಮಾಡಿ, ಸೇನೆಯ ಫಿರಂಗಿಗಳನ್ನೇ ಈ ಕೆಲಸಕ್ಕೆ ಹಚ್ಚಿದರು. ಅಪಾಯ ಹೆಚ್ಚಿರುವಾಗ ಊರಿನಲ್ಲಿ ‘ಇಂಟರ್‌ಲಾಜ್’ ಎಂಬ ಆಜ್ಞೆ ಹೊರಡುತ್ತದೆ. ಆಗ ಕಟ್ಟಡದಿಂದ ಹೊರಗೆ ಕಾಲಿಡುವುದೇ ಕಾನೂನಿನ ಪ್ರಕಾರ ಅಪರಾಧ. ಅಂದು ಅಷ್ಟಾಗಲಿಲ್ಲ. ತಡವಾಗಿಯಾದರೂ ರಸ್ತೆ ತೆರೆಯಿತು, ಕೆಳಗಿನ ಲಿಫ್ಟುಗಳು ಓಡಿದವು, ಗಾಳಿಯ ಕಾರಣ ಮೇಲಿನವನ್ನು ನಿಲ್ಲಿಸಿದ್ದರು.

ಲಿಫ್ಟಿನ ತೂಗುವ ಕುರ್ಚಿಯಲ್ಲಿ ಕುಳಿತಾಗ ಗಾಳಿಯ ಪ್ರತಾಪ ಗೊತ್ತಾಯಿತು. ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಚಳಿಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಸೊನ್ನೆಗಿಂತ 21 ಡಿಗ್ರಿ ಕೆಳಗಿನ ಚಳಿಯಂತೆ ತಾಗುತ್ತದೆ. ನನ್ನ ಜೊತೆಗಿದ್ದ ಬಾಗಲಕೋಟೆಯ ಗೆಳೆಯ ಮುಖವಸ್ತ್ರದೊಳಗಿಂದಲೇ, ‘ಮ್ಯಾಲೆ ನೋಡಲೇ, ಗುಡ್ಡಕ್ಕ ಬೆಂಕಿ ಹತ್ತೇತಿ’ ಎಂದ. ಶಿಖರದ ಏಣಿನಿಂದ ಹಿಮವು ಹೊಗೆಯಂತೆ ಎದ್ದು ಆಚೆಗೆ ಹಾರುತ್ತಿತ್ತು. ನಾನು ಅದನ್ನು ನೋಡಿ ಖುಷಿಪಟ್ಟೆನೇ ಹೊರತು ಓದಲಿಲ್ಲ.

ಲಿಫ್ಟಿನಿಂದ ಇಳಿದೊಡನೆ ಎದುರಿಗೆ ಗುಡ್ಡದ ಒಂದು ಅಗಲವಾದ ಹೆಗಲು, ಒಬ್ಬರ ಗೀರೂ ಬೀಳದೆ ಬೆಳ್ಳಗೆ ಹಾಸಿತ್ತು. ಮೋಡ ಕವಿದ ಬೆಳಕಿನಲ್ಲಿ ನೆರಳು ಬೀಳದ ಕಾರಣ ಉಬ್ಬು ತಗ್ಗುಗಳೇ ತಿಳಿಯುತ್ತಿರಲಿಲ್ಲ. ಇಷ್ಟು ಒಳ್ಳೆಯ ಜಾಗವನ್ನು ಎಲ್ಲರೂ ಏಕೆ ಬಿಟ್ಟಿದ್ದಾರೆ ಎಂದು ಯೋಚಿಸುವ ತಾಳ್ಮೆ ನನಗಿರಲಿಲ್ಲ. ಮೂರನೆಯ ತಿರುವಿನಲ್ಲಿ ಹಲಗೆಯ ಕೆಳಗೆ ಟೊಳ್ಳು ಸದ್ದು ಬಂತು, ಮೇಲಿನ ಪದರ ಒಡೆಯಿತು, ಎಡಗಾಲಿನ ಹಲಗೆ ಅದರಡಿಗೆ ಸಿಕ್ಕಿಬಿತ್ತು, ನಾನು ಮಾತ್ರ ಮುಂದಕ್ಕೆ ಹೋದೆ. ಎದ್ದು ನೋಡಿದರೆ ಒಂದೇ ಕಾಲಿನಲ್ಲಿ ಹಲಗೆ ಇತ್ತು. ಕಳೆದ ಹಲಗೆ ನಾವು ಬಿದ್ದಲ್ಲಿ ಇರುವುದಿಲ್ಲ, ಸಾಮಾನ್ಯವಾಗಿ ಅದಕ್ಕಿಂತ ಮೇಲೆ, ಬೂಟನ್ನು ಹಲಗೆಗೆ ಹಿಡಿದಿಡುವ ಬೈಂಡಿಂಗ್ ಬಿಚ್ಚಿಕೊಂಡ ಕಡೆ ಹೂತಿರುತ್ತದೆ; ಉಳಿದ ಹಲಗೆಯಿಂದ ಹಿಮವನ್ನು ಅಡ್ಡಡ್ಡ ಸೀಳುತ್ತ, ಕುಂಟೆ ಹೊಡೆದಂತೆ ಸಾಲು ಹಿಡಿದು ಹುಡುಕಬೇಕು. ನಮಗೆ ಅರ್ಧ ಗಂಟೆಗೂ ಹೆಚ್ಚು ಹಿಡಿಯಿತು.

ಹುಡುಕುವಾಗ ಗೆಳೆಯ ಹೇಳಿದ್ದನ್ನು ನಾನು ಕಣದಲ್ಲೇ ಕಲಿಯಬೇಕಿತ್ತು. ಗಾಳಿಗೆ ಎದುರಾದ ಇಳಿಜಾರಿನಿಂದ ಹಿಮ ಎದ್ದುಹೋಗುತ್ತದೆ. ಹೋಗುವಾಗ ಉರುಳಿ, ಉಜ್ಜಿ, ನಕ್ಷತ್ರದ ಕೊಂಬೆಗಳು ಮುರಿದು ಪುಡಿಯಾಗುತ್ತವೆ. ಆ ಪುಡಿ ಎಲ್ಲಿ ಕೂತರೂ ಡಬ್ಬಿಯಲ್ಲಿ ಅದುಮಿದ ಹಿಟ್ಟಿನಂತೆ ಬಿಗಿಯಾಗುತ್ತದೆ. ನಾನು ಬಿದ್ದ ಹೆಗಲಿನ ಮೇಲೆ ಉಳಿದಿದ್ದು ಅಂಥ ಹೆಪ್ಪು. ಏಣನ್ನು ದಾಟಿದ ಗಾಳಿ ಮರೆಯ ಕಡೆ ನಿಧಾನವಾದಾಗ ಹೊತ್ತ ಹಿಮವನ್ನು ಅಲ್ಲಿ ಸುರಿಯುತ್ತದೆ, ಆಕಾಶದಿಂದ ಬೀಳುವುದಕ್ಕಿಂತ ಹತ್ತು ಪಟ್ಟು ಬೇಗ ಕೂಡ ಸುರಿಯಬಲ್ಲದು. ತೂರುವಾಗ ಬಣವೆಯ ಹಿಂದೆ ಹೊಟ್ಟು ಕೂಡುತ್ತಿದ್ದುದನ್ನು, ಅದರಲ್ಲಿ ನಾವು ಹುಡುಗರು ಹೊರಳಾಡಿ ಮೈ ತುರಿಸಿಕೊಳ್ಳುತ್ತಿದ್ದುದನ್ನು ನಾನು ಕಂಡವನೇ. ಆದರೆ ಮರೆಯಲ್ಲಿ ಕೂಡಿದ ಹಿಮವನ್ನು ಹೊಟ್ಟಿನಂತೆ ನಂಬುವ ಹಾಗಿಲ್ಲ. ಇಳಿಜಾರು 30ರಿಂದ 45 ಡಿಗ್ರಿಯಷ್ಟಿದ್ದರೆ ಗಾಳಿ ಕಟ್ಟಿದ ಆ ಚಪ್ಪಡಿಯೇ ಕಳಚಿ ಜಾರುತ್ತದೆ. ಬೆಳಗಿನ ಸ್ಫೋಟಗಳು ಅದಕ್ಕಾಗಿಯೇ. ಹಗ್ಗ ಕಟ್ಟಿ ಮುಚ್ಚಿದ ಕಡೆ ಹೋಗಕೂಡದು ಎಂಬುದರಲ್ಲಿ ಗೆಳೆಯನಿಗೂ ನನಗೂ ಎರಡು ಮಾತಿಲ್ಲ.

ಅವನು ನನ್ನನ್ನು ಕರೆದೊಯ್ದದ್ದು ಅದೇ ಹೆಗಲಿನ ಹಿಂದಿನ ಸೌಮ್ಯ ಇಳಿಜಾರಿಗೆ, ಮರಗಳು ಆರಂಭವಾಗುವ ಅಂಚಿಗೆ. ಮರಗಳ ಕಪ್ಪು ಕಾಂಡಗಳಿಂದಾಗಿ ಅಲ್ಲಿ ಇಳಿಜಾರು ಕಣ್ಣಿಗೆ ಬಿತ್ತು. ಕಾಂಡಕ್ಕೆ ತೀರ ಹತ್ತಿರ ಮಾತ್ರ ಸುಳಿಯಬಾರದು, ಕೆಳಕೊಂಬೆಗಳ ಮರೆಯಲ್ಲಿ ಬುಡದ ಸುತ್ತ ಸಡಿಲ ಹಿಮದ ಗುಂಡಿ ಇರುತ್ತದೆ. ತಲೆಕೆಳಗಾಗಿ ಬಿದ್ದವರು ತಾವಾಗಿ ಏಳುವುದು ಕಷ್ಟ. ಒಬ್ಬರ ಕಣ್ಣಳತೆಯಲ್ಲಿ ಮತ್ತೊಬ್ಬರು ಇರುವಂತೆ ಇಳಿದೆವು. ಹಿಮ ಮೊಣಕಾಲಿನವರೆಗಿತ್ತು, ಪ್ರತಿ ತಿರುವಿಗೂ ಎದೆಗೆ ಸಿಡಿಯುತ್ತಿತ್ತು, ತಲೆಯ ಮೇಲೆ ಗಾಳಿ ಭೋರೆನ್ನುತ್ತಿದ್ದರೂ ಅಲ್ಲಿ ಹಲಗೆಯ ಸದ್ದೇ ಇರಲಿಲ್ಲ. ಇಪ್ಪತ್ತು ನಿಮಿಷದ ನಂತರ ಮತ್ತೆ ಅಲ್ಲಿಗೆ ಬಂದರೆ ನಮ್ಮ ಗೀರುಗಳು ಅರ್ಧ ತುಂಬಿದ್ದವು. ನಾಲ್ಕನೆಯ ಸಲಕ್ಕೆ ಯಾರೂ ಬಂದೇ ಇಲ್ಲವೆಂಬಂತೆ ಮುಚ್ಚಿದ್ದವು. ಗಾಳಿಯಿಲ್ಲದ ದಿನ ಹತ್ತು ಗಂಟೆಗೆಲ್ಲ ಗೀರುಮಯವಾಗುವ ಇಳಿಜಾರು ಅಂದು ಮಧ್ಯಾಹ್ನದವರೆಗೂ ಹೊಸದಾಗಿಯೇ ಇತ್ತು.

ಇದನ್ನೆಲ್ಲ ಕೇಳಿ ಕಾಕಾ, ಕರಗಿದರೆ ನೀರೆಷ್ಟಾಗುತ್ತದೆ ಎಂದರು. ಚಳಿಗಾಲಕ್ಕೆ ಸರಾಸರಿ 500 ಇಂಚಿಗೂ ಹೆಚ್ಚು ಹಿಮ ಬೀಳುತ್ತದೆ. ಲೆಕ್ಕ ಹಾಕಿದರೆ ಒಂದು ಮೀಟರಿಗಿಂತ ತುಸು ಹೆಚ್ಚು ನೀರು, ನಮ್ಮ ಜಿಲ್ಲೆಯ ಒಂದು ವರ್ಷದ ಮಳೆಯ ಹೆಚ್ಚುಕಡಿಮೆ ಎರಡರಷ್ಟು. ಆ ಕಣಿವೆಯ ನೀರು ನಗರದ ನಲ್ಲಿಗಳಿಗೆ ಬರುವುದರಿಂದ ಅಲ್ಲಿಗೆ ನಾಯಿಗಳನ್ನು ಒಯ್ಯುವುದಕ್ಕೂ ನಿಷೇಧವಿದೆ ಎಂದೆ. ಕಾಕಾ ನಕ್ಕು, ಮೊಬೈಲನ್ನು ತಮ್ಮ ಕೈಗೆ ತೆಗೆದುಕೊಂಡು ವಿಡಿಯೊವನ್ನು ಮತ್ತೆ ಹಚ್ಚಲು ಹೇಳಿದರು. ಈಗ ಊರಿನಲ್ಲಿ ರಾಶಿಯನ್ನೆಲ್ಲ ಯಂತ್ರವೇ ಮಾಡುತ್ತದೆ, ಬುಟ್ಟಿ ಎತ್ತಿ ಗಾಳಿಗೆ ಕಾಯುವವರು ಯಾರೂ ಇಲ್ಲ. ಅವರು ಎರಡು ಸಲ ನೋಡಿ, ಎಡ ಅಂಚಿನಲ್ಲಿ ಕಾಣುವ ಹೆಗಲಿನ ನೆತ್ತಿಯ ಮೇಲೆ ಉಗುರಿಟ್ಟು, ‘ಗಾಳಿ ಈ ಎಡಕಿನಿಂದ ಬಂದೈತಿ. ನೀ ಬಿದ್ದದ್ದು ಇಲ್ಲೇ ಹೌದಲ್ಲೊ?’ ಎಂದರು. ಅಲ್ಲೇ ಬಿದ್ದಿದ್ದೆ.