ಫೋನಿನಲ್ಲಿ ಆ್ಯಂಟಿಬಯಾಟಿಕ್ ಸಲಹೆ: ಔಷಧದ ಹೆಸರಿಗೆ ಮೊದಲು ಕೇಳಬೇಕಾದ್ದು

"ಸಾರ್, ಜ್ವರ ಇಳೀತಾ ಇಲ್ಲ, ಮೆರೋಪೆನೆಮ್ ಹಾಕ್ಲಾ?" ತಾಲ್ಲೂಕು ಆಸ್ಪತ್ರೆಗಳಿಂದ ಬರುವ ಕರೆಗಳು ಹೆಚ್ಚಾಗಿ ಹೀಗೇ ಶುರುವಾಗುತ್ತವೆ. ಮೆರೋಪೆನೆಮ್ ಎಂದರೆ ಗಂಭೀರ ಸೋಂಕುಗಳಿಗೆ ಮೀಸಲಿಡುವ ಪ್ರಬಲ ಆ್ಯಂಟಿಬಯಾಟಿಕ್. ರೋಗಿಯನ್ನು ನೋಡದೆ ದೂರದಿಂದ ಸಲಹೆ ಕೊಡುವವರು ಈ ಪ್ರಶ್ನೆಗೆ ತಕ್ಷಣ ಹೌದು, ಬೇಡ ಎನ್ನಬಾರದು. ಮೊದಲು ರೋಗಿಯ ತೂಕ, ಬಿಪಿ, ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತೋರಿಸುವ ರಕ್ತಪರೀಕ್ಷೆ), ಮೂತ್ರ ಎಷ್ಟು ಹೋಗುತ್ತಿದೆ ಎಂಬುದು ಬೇಕು. ಈಗ ಯಾವ ಔಷಧ ನಡೆಯುತ್ತಿದೆ, ಎಷ್ಟನೇ ದಿನ, ಕಳೆದ ಮೂರು ತಿಂಗಳಲ್ಲಿ ಏನೇನು ಕೊಟ್ಟಿದ್ದರು ಎಂದೂ ಕೇಳಬೇಕು. ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: ಸೋಂಕು ಎಲ್ಲಿದೆ ಎಂದು ನಿಮಗೆ ಅನಿಸುತ್ತಿದೆ?

ಇದಕ್ಕೆ ಒಂದೇ ವಿನಾಯಿತಿ. ಸೋಂಕಿನಿಂದ ಬಿಪಿ ಕುಸಿದಿದ್ದರೆ ಕಲ್ಚರ್‌ಗೆ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ) ರಕ್ತ ತೆಗೆದು, ಒಂದು ಗಂಟೆಯೊಳಗೆ ಮೊದಲ ಡೋಸ್ ಕೊಡಿಸಿ. ಉಳಿದ ಪ್ರಶ್ನೆಗಳು ಆಮೇಲೆ.

ಮಲೆನಾಡು, ಕರಾವಳಿಯ ಕಡೆಯಿಂದ ಕರೆ ಬಂದರೆ ಸ್ಕ್ರಬ್ ಟೈಫಸ್ (ಪೊದೆ, ಹುಲ್ಲಿನಲ್ಲಿರುವ ನುಸಿಮರಿ ಕಚ್ಚಿ ಬರುವ ಬ್ಯಾಕ್ಟೀರಿಯಾ ಜ್ವರ) ಮನಸ್ಸಿನಲ್ಲಿರಲಿ. ಐದಾರು ದಿನದ ಜ್ವರ, ತಲೆನೋವು, ಪ್ಲೇಟ್‌ಲೆಟ್ ಕಡಿಮೆ, ಲಿವರ್ ಎನ್ಜೈಮ್ ಏರಿಕೆ. ಸೆಫ್ಟ್ರಿಯಾಕ್ಸೋನ್ ಕೊಟ್ಟು ಮೂರು ದಿನವಾದರೂ ಜ್ವರ ಬಿಟ್ಟಿಲ್ಲ. ಇಲ್ಲಿ ಮೆರೋಪೆನೆಮ್‌ಗೆ ಏರಿದರೂ ಪ್ರಯೋಜನವಿಲ್ಲ. ಈ ಬ್ಯಾಕ್ಟೀರಿಯಾ ಜೀವಕೋಶದೊಳಗೇ ಬೆಳೆಯುತ್ತದೆ, ಪೆನಿಸಿಲಿನ್ ಕುಲದ (ಸೆಫ್ಟ್ರಿಯಾಕ್ಸೋನ್, ಮೆರೋಪೆನೆಮ್ ಎರಡೂ ಅದೇ ಕುಲದವು) ಯಾವ ಔಷಧಕ್ಕೂ ಬಗ್ಗುವುದಿಲ್ಲ. ಕಂಕುಳು, ತೊಡೆಸಂದು, ಸ್ತನದ ಕೆಳಗೆ, ಸೊಂಟಪಟ್ಟಿಯ ಜಾಗ ನೋಡಲು ಸಿಸ್ಟರ್‌ಗೆ ಹೇಳಿ. ಸಿಗರೇಟಿನಿಂದ ಸುಟ್ಟಂಥ ಕಪ್ಪು ಚಕ್ಕೆ ಸಿಕ್ಕರೆ ರೋಗ ಬಹುತೇಕ ಗೊತ್ತಾದಂತೆಯೇ; ಸಿಗದಿದ್ದರೂ ಸ್ಕ್ರಬ್ ಅಲ್ಲ ಎನ್ನುವಂತಿಲ್ಲ. ವಯಸ್ಕರಿಗೆ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ ದಿನಕ್ಕೆರಡು ಬಾರಿ, ಗರ್ಭಿಣಿಯರಿಗೆ ಅಜಿತ್ರೊಮೈಸಿನ್. ಸಾಮಾನ್ಯವಾಗಿ 48 ಗಂಟೆಯಲ್ಲಿ ಜ್ವರ ಇಳಿಯುತ್ತದೆ. ಇಷ್ಟು ಅಗ್ಗದ ಮಾತ್ರೆಯಿಂದ ಜೀವ ಉಳಿಯುವಾಗ ಅದನ್ನು ಮರೆಯುವುದು ದೊಡ್ಡ ಅನ್ಯಾಯ.

ಲ್ಯಾಬ್ ರಿಪೋರ್ಟಿನ ಫೋಟೊ ಮಾತ್ರ ನೋಡಿ ಸಲಹೆ ಕೊಡಬೇಡಿ. ರಕ್ತದ ಕಲ್ಚರ್‌ಗೆ ಎರಡು ಬೇರೆ ಜಾಗದಿಂದ, ವಯಸ್ಕರಾದರೆ ಬಾಟಲಿಗೆ 8ರಿಂದ 10 ಮಿ.ಲೀ. ತೆಗೆದಿರಬೇಕು. ಎರಡು ಮೂರು ಮಿ.ಲೀ. ಹಾಕಿದ ಬಾಟಲಿಯಲ್ಲಿ ಏನೂ ಬೆಳೆಯಲಿಲ್ಲ ಎಂದರೆ ಸೋಂಕಿಲ್ಲ ಎಂದು ನಂಬಲಾಗದು. ಆ ಬಾಟಲಿಯನ್ನು ಫ್ರಿಜ್‌ನಲ್ಲಿ ಇಡಬಾರದು. ಮೂತ್ರದ ಸ್ಯಾಂಪಲ್ ಲ್ಯಾಬ್‌ಗೆ ಹೋಗುವುದು ತಡವಾದರೆ ಮಾತ್ರ ಫ್ರಿಜ್. ಇವೆರಡೂ ಅದಲುಬದಲಾಗುವುದುಂಟು. ಮೂತ್ರವನ್ನು ಕ್ಯಾಥೆಟರ್ (ಮೂತ್ರದ ಕೊಳವೆ) ಚೀಲದಿಂದ ತೆಗೆದಿದ್ದರೆ ಆ ರಿಪೋರ್ಟ್ ಬಿಟ್ಟುಬಿಡಿ. ಉರಿ, ಜ್ವರ, ಪಕ್ಕೆನೋವು ಯಾವುದೂ ಇಲ್ಲದವರ ಮೂತ್ರದಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ ಬಂದರೆ, ಗರ್ಭಿಣಿಯರು ಮತ್ತು ಮೂತ್ರನಾಳದ ಶಸ್ತ್ರಚಿಕಿತ್ಸೆಗೆ ಹೋಗುವವರನ್ನು ಬಿಟ್ಟರೆ, ಸಾಮಾನ್ಯವಾಗಿ ಔಷಧ ಬೇಡ.

ಡೋಸಿನಲ್ಲಿ ಪದೇ ಪದೇ ಆಗುವ ತಪ್ಪು: ಕ್ರಿಯಾಟಿನಿನ್ ಹೆಚ್ಚಿದೆ ಎಂದು ಮೊದಲ ಡೋಸನ್ನೇ ಅರ್ಧ ಮಾಡುವುದು. ಕಡಿಮೆ ಮಾಡಬೇಕಾದ್ದು ಮುಂದಿನ ಡೋಸುಗಳನ್ನು. ಮೆರೋಪೆನೆಮ್ ಜೊತೆಗೆ ಮೆಟ್ರೊನಿಡಜೋಲ್ ನಡೆಯುತ್ತಿದ್ದರೆ ಹೆಚ್ಚಿನವರಲ್ಲಿ ಎರಡನೆಯದನ್ನು ನಿಲ್ಲಿಸಬಹುದು; ಅದರ ಕೆಲಸವನ್ನು ಮೊದಲನೆಯದೇ ಮಾಡುತ್ತದೆ. ಫಿಟ್ಸ್‌ಗೆ ವಾಲ್‌ಪ್ರೊಯೇಟ್ ತೆಗೆದುಕೊಳ್ಳುತ್ತಿದ್ದಾರಾ ಎಂದು ಕೇಳದೆ ಮೆರೋಪೆನೆಮ್ ಹೇಳಲೇಬೇಡಿ. ರಕ್ತದಲ್ಲಿ ವಾಲ್‌ಪ್ರೊಯೇಟ್ ಮಟ್ಟ ಕುಸಿದು ಫಿಟ್ಸ್ ಮರುಕಳಿಸಬಹುದು.

ರಾತ್ರಿ ಡ್ಯೂಟಿಯವರಿಗೆ ಹೇಳಿದ್ದು ಬೆಳಗಿನ ರೌಂಡ್ಸ್‌ಗೆ ತಲುಪದೇ ಹೋಗುತ್ತದೆ. ಆದ್ದರಿಂದ ಔಷಧ-ಡೋಸ್-ಅಂತರ, ಯಾವುದರ ಮೇಲೆ ಕಣ್ಣಿಡಬೇಕು, ಮರುಪರಿಶೀಲನೆಯ ದಿನಾಂಕ, ಈ ಮೂರನ್ನೂ ಕೇಸ್ ಶೀಟಿನಲ್ಲಿ ಬರೆಸಿ, ಅವರಿಂದಲೇ ಓದಿಸಿ ಕೇಳಿ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಚಿಕಿತ್ಸೆಯ ಹೊಣೆ ಸಲಹೆ ಕೇಳಿದ ವೈದ್ಯರದ್ದೇ. ಸಲಹೆ ಒಪ್ಪಿಗೆಯಾಗದಿದ್ದರೆ ಬಾಯಿಬಿಟ್ಟು ಹೇಳುವಷ್ಟು ಸಲುಗೆ ಅವರಿಗೆ ನಿಮ್ಮೊಂದಿಗೆ ಇರಬೇಕು.

48ರಿಂದ 72 ಗಂಟೆಯೊಳಗೆ ನೀವೇ ಮತ್ತೆ ಕರೆ ಮಾಡಿ. ಪ್ರಬಲ ಔಷಧದಿಂದ ಸರಳ ಔಷಧಕ್ಕೆ ಇಳಿಸುವುದು, ಮಾತ್ರೆಗೆ ಬದಲಿಸುವುದು, ನಿಲ್ಲಿಸುವುದು ಎಲ್ಲ ಆಗುವುದು ಈ ಎರಡನೇ ಕರೆಯಲ್ಲಿ. ಸುಧಾರಿಸುತ್ತಿರುವ ಸಾಮಾನ್ಯ ನ್ಯುಮೋನಿಯಾಕ್ಕೆ 5 ದಿನ ಸಾಕು. ಸ್ಟ್ಯಾಫ್ ಆರಿಯಸ್ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದ್ದರೆ ಮಾತ್ರ ಕನಿಷ್ಠ 14 ದಿನ, ಅದೂ ಮೊದಲ ನೆಗೆಟಿವ್ ಕಲ್ಚರ್‌ನ ದಿನದಿಂದ ಎಣಿಸಿ.

ಕರೆಗೆ ಕಾಯುವ ಬದಲು ಮೆರೋಪೆನೆಮ್, ಕೊಲಿಸ್ಟಿನ್‌ನಂಥ ಕೊನೆಯ ಅಸ್ತ್ರದ ಆ್ಯಂಟಿಬಯಾಟಿಕ್ ನಡೆಯುತ್ತಿರುವವರ ಪಟ್ಟಿಯನ್ನು ವಾರಕ್ಕೆರಡು ಸಲ ಫಾರ್ಮಸಿಯಿಂದ ತರಿಸಿಕೊಳ್ಳುವುದು ಇನ್ನೂ ಒಳ್ಳೆಯದು. ಪಟ್ಟಿ ಖಾಲಿ ಬಂದರೆ ಸ್ಟಾಕ್ ಮುಗಿದಿದೆಯೇ, ಮನೆಯವರು ಹೊರಗಿನ ಅಂಗಡಿಯಿಂದ ತರುತ್ತಿದ್ದಾರೆಯೇ ಎಂದು ವಿಚಾರಿಸಿ.