ಇಳಿಸೋ ಹಮಾಲಿ ಯಾರ್ದು?

"ಎಲ್ಲಾ ಸರಿ, ಇಳಿಸೋ ಹಮಾಲಿ ಯಾರ್ದು?" ಅಂತ ಯಜಮಾನರು ಕೇಳಿದ ಕೂಡಲೇ ಹಾಲ್‌ನಲ್ಲಿದ್ದವರೆಲ್ಲ ನಕ್ಕುಬಿಟ್ಟರು. ಇಂಗ್ಲೆಂಡಿಗೆ ಕಳಿಸುವ ಮನೆ ಸಾಮಾನಿನ ಅಳತೆಗೆ ಪ್ಯಾಕರ್ಸ್ ಕಡೆಯಿಂದ ಬಂದಿದ್ದ ಹುಡುಗನೂ ನಗುತ್ತಾ, "ಆ ಕಡೆದು ಆಮೇಲೆ ನೋಡಾನ ಬಿಡ್ರಿ ಯಜಮಾನ್ರೆ" ಅಂದ. ಮಗ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ಅಪ್ಪಾಜಿ, ಇದು ಮೆಕ್ಕೆಜೋಳದ ಲೋಡ್ ಅಲ್ಲ" ಅಂದ. ಅಷ್ಟರಲ್ಲಿ ಚಹಾ ಬಂತು, ಮಾತು ಬೇರೆ ಕಡೆ ಹೋಯಿತು.

ಇದು ದಾವಣಗೆರೆಯ ವಿದ್ಯಾನಗರದಲ್ಲಿ, ಹೋದ ಭಾನುವಾರ ನಡೆದದ್ದು. ಮಗ, ಸೊಸೆ, ಇಬ್ಬರು ಮಕ್ಕಳು ಮೂರು ವರ್ಷದ ವೀಸಾ ಮೇಲೆ ಇಂಗ್ಲೆಂಡಿಗೆ ಹೊರಟಿದ್ದಾರೆ. ಮಗ ಸಾಫ್ಟ್‌ವೇರ್ ಕೆಲಸದವನು. ಯಜಮಾನರು ಮಂಡಿಯಲ್ಲಿ ದಲಾಲಿ ಅಂಗಡಿ ನಡೆಸಿ ಈಗ ಮನೆಯಲ್ಲಿದ್ದಾರೆ. ಅವತ್ತು ಆ ಹಾಲ್‌ನಲ್ಲಿ ಸಾಗಣೆಯ ಬಗ್ಗೆ ಸರಿಯಾದ ಪ್ರಶ್ನೆ ಕೇಳಿದವರು ಅವರೊಬ್ಬರೇ. ನಕ್ಕವರಿಗೆ ಅದು ಗೊತ್ತಾಗಲಿಲ್ಲ.

ಲಾರಿ ಬಾಡಿಗೆ ಮಾತಾಡುವಾಗ ಹೇರುವ ಹಮಾಲಿ ಯಾರದು, ಇಳಿಸುವ ಹಮಾಲಿ ಯಾರದು ಅಂತ ಮಂಡಿಯಲ್ಲಿ ಮೊದಲೇ ತೀರ್ಮಾನ ಆಗುತ್ತದೆ. ಹಡಗಿನ ಸಾಗಣೆಯಲ್ಲಿ ಸಂಸಾರಗಳು ಕೈ ಸುಟ್ಟುಕೊಳ್ಳುವುದು ಅದೇ ಜಾಗದಲ್ಲಿ. ಟೀಪಾಯಿ ಮೇಲಿದ್ದ ಕೊಟೇಶನ್ ಚೀಟಿಯಲ್ಲಿ "5 ಸಿಬಿಎಂ, ಡೋರ್ ಟು ಪೋರ್ಟ್" ಅಂತ ಇತ್ತು. ಅಂದರೆ 5 ಘನ ಮೀಟರ್ ಜಾಗದ ಸರಕು, ವಿದ್ಯಾನಗರದ ಬಾಗಿಲಿಂದ ಇಂಗ್ಲೆಂಡಿನ ಬಂದರಿನ ತನಕ. ಸರಕು ಇಲ್ಲಿಂದ ಲಾರಿಯಲ್ಲಿ ಬೆಂಗಳೂರಿಗೆ, ವೈಟ್‌ಫೀಲ್ಡಿನ ಕಂಟೇನರ್ ಡಿಪೋದಿಂದ ರೈಲಲ್ಲಿ ಚೆನ್ನೈಗೆ, ಅಲ್ಲಿಂದ ಹಡಗಲ್ಲಿ ಇಂಗ್ಲೆಂಡಿನ ಬಂದರಿಗೆ. ಅಲ್ಲಿಗೆ ಚೀಟಿ ಮುಗಿಯಿತು. ಹಡಗಿನಿಂದ ಇಳಿಸುವ ಟರ್ಮಿನಲ್ ಶುಲ್ಕ, ಹಂಚಿಕೊಂಡ ಕಂಟೇನರಿನಿಂದ ನಮ್ಮ ಪೆಟ್ಟಿಗೆ ಬೇರೆ ಮಾಡುವ ಶುಲ್ಕ, ಸರಕು ಬಿಡಿಸಿಕೊಳ್ಳುವ ಡೆಲಿವರಿ ಆರ್ಡರ್ ಚೀಟಿ, ಕಸ್ಟಮ್ಸ್ ಏಜೆಂಟ್, ಗೋದಾಮು ಬಾಡಿಗೆ, ಮನೆ ತನಕ ವ್ಯಾನು, ಲಿಫ್ಟ್ ಇಲ್ಲದ ಎರಡನೇ ಮಹಡಿಗೆ ಹೊರುವ ಕೂಲಿ, ಇಷ್ಟೂ "ಆ ಕಡೆದು". ಸಣ್ಣ ಲೋಡಿಗೆ ಆ ಕಡೆಯ ಬಿಲ್ಲು ಸಮುದ್ರದ ಬಾಡಿಗೆಯನ್ನೇ ಮೀರಿಸುವುದುಂಟು. ಬಂದರಿನಲ್ಲಿ ಉಚಿತವಾಗಿ ಇಡಲು ಸಿಗುವುದು ಕೆಲವೇ ದಿನ. ಆಮೇಲೆ ದಿನದ ಲೆಕ್ಕ.

ಹುಡುಗ ಮೋಸಗಾರನಲ್ಲ, ಅವನ ಪಾಲಿನ ದರವನ್ನು ನೇರವಾಗಿಯೇ ಹೇಳಿದ್ದ. ಆದರೆ ಕೇಳದೇ ಇದ್ದದ್ದನ್ನು ಹೇಳುವ ಜಾತಿಯವನೂ ಅಲ್ಲ. "ಡೋರ್ ಟು ಡೋರ್, ಆ ಕಡೆಯ ಎಲ್ಲಾ ಶುಲ್ಕ ಸೇರಿ, ಯಾವುದು ಸೇರಿಲ್ಲ ಅನ್ನುವ ಪಟ್ಟಿ ಸಮೇತ" ಅಂತ ಬರವಣಿಗೆಯಲ್ಲಿ ಕೇಳಬೇಕಾದವನು ಮಗ. ಅವನು ಮೆಕ್ಕೆಜೋಳದ ಜೋಕ್ ಹೊಡೆದು ಸುಮ್ಮನಾದ.

5 ಸಿಬಿಎಂ ಅಂದರೆ ಎಷ್ಟು ಅನ್ನುವುದೂ ಯಾರ ತಲೆಯಲ್ಲೂ ಇದ್ದಂತಿರಲಿಲ್ಲ. 1 ಸಿಬಿಎಂ ಸುಮಾರು 35.3 ಘನ ಅಡಿ. 18×18×24 ಇಂಚಿನ ರಟ್ಟಿನ ಪೆಟ್ಟಿಗೆ 4.5 ಘನ ಅಡಿ, ಹಾಗಾಗಿ ಎಂಟು ಪೆಟ್ಟಿಗೆಗೆ ಒಂದು ಸಿಬಿಎಂ ಅಂತ ಹಿಡಿಯಬಹುದು. ಹಡಗಿನ ಹಂಚಿಕೆ ಕಂಟೇನರಿನಲ್ಲಿ 1 ಸಿಬಿಎಂ ಅಥವಾ 1,000 ಕೆಜಿ, ಯಾವುದು ಹೆಚ್ಚೋ ಅದಕ್ಕೆ ದರ. ಮನೆ ಸಾಮಾನು ಅಷ್ಟು ತೂಗುವುದಿಲ್ಲ, ಆದ್ದರಿಂದ ದುಡ್ಡು ಕೊಡುವುದು ಜಾಗಕ್ಕೆ. ಸೊಸೆ ಬಿಡಲ್ಲ ಅಂತ ಹಟ ಹಿಡಿದಿದ್ದ 78×72×8 ಇಂಚಿನ ಹಾಸಿಗೆಯೊಂದೇ 0.74 ಸಿಬಿಎಂ, ಸುಮಾರು ಆರು ಪೆಟ್ಟಿಗೆಯ ಜಾಗ. ಪುಸ್ತಕ, ಪಾತ್ರೆ, ರೇಷ್ಮೆ ಸೀರೆ ಹಡಗಿಗೆ ಲಾಯಕ್ಕು. ಹಾಸಿಗೆ, ಸೋಫಾ ಅಲ್ಲ. ವಿಮಾನದ ಟಿಕೆಟಿನಲ್ಲಿ ತಲೆಗೆ 23 ಕೆಜಿಯ ಎರಡು ಪೆಟ್ಟಿಗೆ ಇದ್ದರೆ ನಾಲ್ವರಿಗೆ 184 ಕೆಜಿ ಆಗುತ್ತದೆ. ಅದನ್ನು ಲೆಕ್ಕ ಹಾಕಿ, ಉಳಿದದ್ದಕ್ಕೆ ಮಾತ್ರ ಸಿಬಿಎಂ ಅಳೆಸಬೇಕು. ಮಿಕ್ಸಿ ಒಯ್ಯಬಹುದು. ಅಲ್ಲೂ 230 ವೋಲ್ಟ್, 50 ಹರ್ಟ್ಸ್. ಪ್ಲಗ್ ಬದಲಿಸಿದರೆ ಸಾಕು, 750 ವ್ಯಾಟಿನದಕ್ಕೆ ಆ ಪ್ಲಗ್ಗಿನೊಳಗೆ 13 ಆಂಪಿಯರ್ ಫ್ಯೂಸ್ ಇರಬೇಕು. ಅಮೆರಿಕಕ್ಕಾದರೆ ಅದೇ ಮಿಕ್ಸಿ ದಂಡ.

ಹಡಗು ನಿಧಾನ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ದಾಳಿ ಶುರುವಾದ ಮೇಲೆ ಎಷ್ಟೋ ಹಡಗುಗಳು ಆಫ್ರಿಕಾ ಸುತ್ತಿಕೊಂಡು ಹೋದವು, ಅದಕ್ಕೇ ಹತ್ತು ಹದಿನಾಲ್ಕು ದಿನ ಹೆಚ್ಚಿಗೆ ಹಿಡಿಯಿತು. ಮನೆಯಿಂದ ಮನೆಗೆ ಎರಡು ಮೂರು ತಿಂಗಳು ಅಂತ ಇಟ್ಟುಕೊಳ್ಳುವುದು ಒಳ್ಳೆಯದು. ಅಷ್ಟು ದಿನ ಸಂಸಾರ ಬರಿಗೈಲಿ ಇರುವುದಿಲ್ಲ. ಕುಕ್ಕರು, ರಜಾಯಿ, ಚಳಿಯ ಬಟ್ಟೆ ಅಲ್ಲೇ ಕೊಳ್ಳುತ್ತಾರೆ. ಪೆಟ್ಟಿಗೆ ಬಂದಾಗ ಒಂದಕ್ಕೆ ಎರಡು.

ಯಜಮಾನರ ಹೆಂಡತಿ ಚೌಕಿಪೇಟೆಯಿಂದ ಹೊಸ ಸ್ಟೀಲ್ ಡಬ್ಬಿಗಳ ಸೆಟ್ ತಂದು ಜೋಡಿಸಿಟ್ಟಿದ್ದರು. ಪಾಪ, ಪ್ರೀತಿಯಿಂದ ತಂದದ್ದು. ಆದರೆ ಬ್ರಿಟನ್ನಿನಲ್ಲಿ ಸಾಮಾನು ಸುಂಕವಿಲ್ಲದೆ ಒಳಗೆ ಹೋಗಬೇಕಾದರೆ ಟಿಒಆರ್1 ಅನ್ನುವ ಅರ್ಜಿ ಹಾಕಿ ಮೊದಲೇ ನಂಬರ್ ತರಿಸಿಕೊಳ್ಳಬೇಕು. ಕನಿಷ್ಠ 6 ತಿಂಗಳು ನಮ್ಮ ಬಳಿ ಇದ್ದು ಬಳಸಿದ ವಸ್ತುಗಳಿಗಷ್ಟೇ ಆ ರಿಯಾಯಿತಿ, ಅದೂ 12 ತಿಂಗಳು ಬ್ರಿಟನ್ನಿನ ಹೊರಗೆ ವಾಸವಿದ್ದವರಿಗೆ. ಅರ್ಜಿಗೆ ಶುಲ್ಕವಿಲ್ಲ, ಆದರೆ ವಸ್ತುಗಳ ಪಟ್ಟಿ ಬೇಕು, ಅಲ್ಲಿನ ವಿಳಾಸದ ದಾಖಲೆ ಬೇಕು. ಮನೆಯೇ ಸಿಗದೆ ವಿಳಾಸ ಎಲ್ಲಿಂದ? ಅದಕ್ಕೇ ಪೆಟ್ಟಿಗೆಯನ್ನು ಜನ ಹೋದ ಮೇಲೆ ಹೊರಡಿಸುವುದು ಕ್ಷೇಮ. ನಂಬರ್ ಇಲ್ಲದೆ ಸರಕು ಮೊದಲು ತಲುಪಿದರೆ ಗೋದಾಮಿನ ಬಾಡಿಗೆ ಏರುತ್ತಾ ಹೋಗುತ್ತದೆ. ಬೆಣ್ಣೆ ಕಾಯಿಸಿದ ತುಪ್ಪದ ಡಬ್ಬಿಯನ್ನಂತೂ ಬ್ಯಾಗಿನಿಂದ ತೆಗೆಯಲೇಬೇಕು. ಹಾಲಿನ ಪದಾರ್ಥವನ್ನು ಭಾರತದಿಂದ ಅಲ್ಲಿಗೆ ಒಯ್ಯುವಂತಿಲ್ಲ. ಶೇಂಗಾ ಚಟ್ನಿಪುಡಿಗೆ ಆ ತೊಂದರೆ ಇಲ್ಲ.

ವಿಮೆಯ ಬಗ್ಗೆ ಒಂದೇ ಮಾತು. ನಾವೇ ಕಟ್ಟಿದ ಪೆಟ್ಟಿಗೆಯೊಳಗೆ ಒಡೆದದ್ದಕ್ಕೆ ಸಾಮಾನ್ಯವಾಗಿ ಪರಿಹಾರ ಸಿಗುವುದಿಲ್ಲ. ಪ್ರೀಮಿಯಂ ಉಳಿಸಲು 6 ಲಕ್ಷದ ಸಾಮಾನನ್ನು 3 ಲಕ್ಷ ಅಂತ ಬರೆಸಿದರೆ ನಷ್ಟದ ಅರ್ಧವೇ ಕೈಗೆ ಬರುವುದು.

ಇನ್ನು ಮಗನ ಎಕ್ಸೆಲ್ ಶೀಟು. ಬಣ್ಣ ಬಣ್ಣದ ಕಾಲಂ, ಕೆಳಗೆ ಒಟ್ಟು ಮೊತ್ತ, ನೋಡೋಕೆ ಚೆಂದ. ಅದರಲ್ಲಿ ಇಲ್ಲದ್ದು ತಾರೀಕಿನ ಕಾಲಂ. ಪರದೇಶಕ್ಕೆ ಸಂಸಾರ ಸಾಗಿಸುವಾಗ ಎಷ್ಟು ಅನ್ನುವುದಕ್ಕಿಂತ ಯಾವತ್ತು, ಯಾವ ಕರೆನ್ಸಿಯಲ್ಲಿ ಅನ್ನುವುದು ಹೆಚ್ಚು ಕುತ್ತಿಗೆ ಹಿಡಿಯುತ್ತದೆ. ಅಲ್ಲಿನ ಆರೋಗ್ಯ ಸರ್ಚಾರ್ಜ್, ಅಂದರೆ ವೀಸಾ ಜೊತೆ ಕಟ್ಟುವ ಸರ್ಕಾರಿ ಆಸ್ಪತ್ರೆ ಸೇವೆಯ ಶುಲ್ಕ, ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776. ಮೂರು ವರ್ಷದ್ದೂ ಅರ್ಜಿ ಹಾಕುವಾಗಲೇ, ಒಂದೇ ಸಲಕ್ಕೆ ಕಟ್ಟಬೇಕು. ನಾಲ್ವರಿಗೆ 10,866 ಪೌಂಡ್. ಪೌಂಡಿಗೆ 115 ರೂಪಾಯಿ ಅಂತ ಹಿಡಿದರೂ ಹನ್ನೆರಡೂವರೆ ಲಕ್ಷ. ವೀಸಾ ಸಿಗದಿದ್ದರೆ ಇದು ವಾಪಸ್ ಬರುತ್ತದೆ, ವೀಸಾ ಶುಲ್ಕ ಬರುವುದಿಲ್ಲ. ಡಾಕ್ಟರು, ನರ್ಸುಗಳು ಹೆಲ್ತ್ ಅಂಡ್ ಕೇರ್ ವೀಸಾದಲ್ಲಿ ಹೋದರೆ ಈ ಸರ್ಚಾರ್ಜೇ ಇಲ್ಲ. ಊರಿನ ಮೆಡಿಕಲ್ ಕಾಲೇಜಿನಿಂದ ಹೋದ ಗೆಳೆಯನ ಲೆಕ್ಕವನ್ನು ಸಾಫ್ಟ್‌ವೇರಿನವನು ನಕಲು ಮಾಡಿದರೆ ಎಡವುವುದು ಇಲ್ಲೇ.

ಇನ್ನೊಂದು ಗಂಟು ಇದೆ. ನೌಕರಿ ಕೊಟ್ಟ ಕಂಪನಿ ಖರ್ಚಿನ ಜವಾಬ್ದಾರಿ ಬರೆದುಕೊಡದಿದ್ದರೆ ತನಗೆ 1,270, ಹೆಂಡತಿಗೆ 285, ಮೊದಲ ಮಗುವಿಗೆ 315, ಎರಡನೆಯದಕ್ಕೆ 200, ಒಟ್ಟು 2,070 ಪೌಂಡ್ 28 ದಿನ ಖಾತೆಯಲ್ಲಿ ಅಲುಗಾಡದೆ ಕೂತಿರಬೇಕು. ಅದೇ ದುಡ್ಡನ್ನು ಸರ್ಚಾರ್ಜಿಗೂ ಎಣಿಸಿಕೊಂಡಿದ್ದ ಈ ಮಹರಾಯ.

ಅಲ್ಲಿ ಇಳಿದ ಮೇಲೆ ತಿಂಗಳಿಗೆ 1,300 ಪೌಂಡಿನ ಮನೆ ಅಂದುಕೊಳ್ಳಿ. ಇಂಗ್ಲೆಂಡಿನಲ್ಲಿ ಠೇವಣಿ ಐದು ವಾರದ ಬಾಡಿಗೆ ಮೀರುವಂತಿಲ್ಲ, ಅಂದರೆ 1,500. ಮೊದಲ ತಿಂಗಳದ್ದು ಸೇರಿ 2,800. ಮನೆ ಸಿಗುವ ತನಕ ತಾತ್ಕಾಲಿಕ ವಾಸ, ಆಮೇಲೆ ಕೌನ್ಸಿಲ್ ಟ್ಯಾಕ್ಸ್ ಅನ್ನುವ ಸ್ಥಳೀಯ ಮನೆ ತೆರಿಗೆ ಬೇರೆ. ಸಂಬಳ ತಿಂಗಳ ಕೊನೆಗೆ. ಸಂಬಳದ ಪಟ್ಟಿ ಮುಚ್ಚಿದ ಮೇಲೆ ಕೆಲಸಕ್ಕೆ ಸೇರಿದರೆ ಅದರ ಮುಂದಿನ ತಿಂಗಳಿಗೆ ಹೋಗುತ್ತದೆ. ಎರಡು ತಿಂಗಳ ಊಟ, ಬಸ್ಸು, ಬಾಡಿಗೆ ಪೌಂಡಿನಲ್ಲೇ ಕೈಯಲ್ಲಿರಬೇಕು. ಆ ಪೌಂಡನ್ನು ಇಲ್ಲಿಂದ ಕಳಿಸುವಾಗ ಒಂದು ಹಣಕಾಸು ವರ್ಷದಲ್ಲಿ 10 ಲಕ್ಷ ದಾಟಿದ ಭಾಗಕ್ಕೆ ಬ್ಯಾಂಕು 20% ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿಯುತ್ತದೆ. 14 ಲಕ್ಷ ಕಳಿಸಿದರೆ 80,000. ರಿಟರ್ನ್ಸ್ ಹಾಕಿದಾಗ ಅದು ಲೆಕ್ಕಕ್ಕೆ ಸಿಗುತ್ತದೆ, ಆದರೆ ಕೈಗೆ ಬೇಕಾದ ತಿಂಗಳಲ್ಲಿ ಸಿಗುವುದಿಲ್ಲ. ಮಿತಿ ಒಂದೊಂದು ಪ್ಯಾನಿಗೆ ಬೇರೆ ಬೇರೆ. ಗಂಡ ಹೆಂಡತಿ ತಮ್ಮ ತಮ್ಮ ಖಾತೆಯಿಂದ ಕಳಿಸಬಹುದು, ಮಾರ್ಚಲ್ಲಿ ಸ್ವಲ್ಪ, ಏಪ್ರಿಲಲ್ಲಿ ಸ್ವಲ್ಪ ಮಾಡಬಹುದು.

"ಆ ಕಡೆದು ಆಮೇಲೆ ನೋಡಾನ" ಅಂದದ್ದು ಆ ಹುಡುಗನೇ ಆದರೂ, ಆ ಮನೆಯಲ್ಲಿ ಎಲ್ಲರೂ ಹಾಗೇ ಯೋಚಿಸುತ್ತಿದ್ದರು ಅನ್ನಿಸುತ್ತದೆ. ತಲುಪಿದರೆ ಸಾಕು, ಮಿಕ್ಕಿದ್ದು ತಾನಾಗಿ ಆಗುತ್ತದೆ ಅಂತ. ಈ ಕಡೆಯದ್ದನ್ನಂತೂ, ಅಂದರೆ ಇಲ್ಲೇ ಉಳಿಯುವ ಅಪ್ಪ ಅಮ್ಮನ ಲೆಕ್ಕವನ್ನು, ಒಬ್ಬರ ಹೊರತು ಯಾರೂ ಎತ್ತಲೇ ಇಲ್ಲ. ಎತ್ತಿದ್ದು ಆ ತಾಯಿ, ಚಹಾದ ಲೋಟ ಎತ್ತಿಕೊಳ್ಳುತ್ತಾ. "ನಡುವೆ ಬಂದು ಹೋಗೋ ಖರ್ಚು ಬರ್ದೀಯೇನೋ ಅದ್ರಾಗೆ?" ಮಗ, "ವರ್ಷಕ್ಕೊಂದ್ಸಲ ಹಾಕೀನಮ್ಮಾ" ಅಂದ. ಆಕೆ ಕೇಳಿದ್ದು ರಜೆಯ ಟಿಕೆಟ್ಟಲ್ಲ ಅಂತ ಅವನಿಗೆ ಹೊಳೆಯಿತೋ ಇಲ್ಲವೋ. ನಾಳೆ ಬೆಳಿಗ್ಗೆ ಹೊರಡಬೇಕು ಅನ್ನುವ ಟಿಕೆಟ್ಟಿನ ದರವೇ ಬೇರೆ. ಒಬ್ಬರಿಗಾದರೂ ಅಷ್ಟು ಹಣವನ್ನು ಮುಟ್ಟದಂತೆ ಬೇರೆ ಇಡಬೇಕು. ಅಪ್ಪ ಅಮ್ಮನ ಆರೋಗ್ಯ ವಿಮೆಯ ಕಂತು, ಬ್ಯಾಂಕಿನ ಕೆಲಸ ನೋಡಿಕೊಳ್ಳುವವರಿಗೆ ನೋಂದಾಯಿಸಿದ ಅಧಿಕಾರ ಪತ್ರ, ಇವೂ ಅದೇ ಶೀಟಿನ ಸಾಲುಗಳೇ.

ಮೇಲಿನ ಮನೆ ಮಗನ ಹೆಸರಿನಲ್ಲಿದೆ, ಬಾಡಿಗೆ 18,000. ಅವನು ಅನಿವಾಸಿ ಆದ ಮೇಲೆ ಉಳಿತಾಯ ಖಾತೆ ಅನಿವಾಸಿಗಳ ಖಾತೆ, ಅಂದರೆ ಎನ್‌ಆರ್‌ಒ ಆಗಬೇಕು. ಬಾಡಿಗೆಯಲ್ಲಿ ಬಾಡಿಗೆದಾರರೇ 31.2% ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಅಂದರೆ 5,616 ಹೋಗಿ ಕೈಗೆ 12,384. ಮನೆ ಖರ್ಚಿಗೆ ಇರಲಿ ಅಂತ ಅಪ್ಪ ಅಮ್ಮನಿಗೆ ಬಿಟ್ಟು ಹೋಗುತ್ತಿರುವುದು ಇದನ್ನೇ, ಶೀಟಿನಲ್ಲಿ ಪೂರ್ತಿ 18,000 ಅಂತಲೇ ಇದೆ. ಕಡಿಮೆ ದರದಲ್ಲಿ ಹಿಡಿಯಲು ಆದಾಯ ತೆರಿಗೆ ಇಲಾಖೆಯಿಂದ ಪ್ರಮಾಣಪತ್ರ ಪಡೆಯಬಹುದು, ಹೆಚ್ಚಾಗಿ ಹೋದದ್ದನ್ನು ರಿಟರ್ನ್ಸ್ ಹಾಕಿ ವಾಪಸ್ ಕೇಳಬಹುದು. ಆದರೆ ಹಿಡಿಯದಿದ್ದರೆ ನೋಟಿಸು ಬರುವುದು ಬಾಡಿಗೆದಾರರಿಗೆ. ಮೇಲಿನ ಮನೆಯವರಿಗೆ ಈ ವಿಷಯವನ್ನು ಇನ್ನೂ ಯಾರೂ ಹೇಳಿಲ್ಲ. ಹೊರಡುವ ಮೊದಲು ಕರಾರು ಪತ್ರ ಹೊಸದಾಗಿ ಬರೆಸಿ, ಅದರಲ್ಲೇ ಇದನ್ನು ಸೇರಿಸಬೇಕು.