ಪತ್ತೇದಾರನಿಗೆ ಮೊದಲು ಸುಳ್ಳು ಹೇಳುವವರು: ನುವಾರ್ ಚಿತ್ರಕಥೆ ಕಲಿಸುತ್ತ ನಾನು ಕಲಿತದ್ದು

ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ನಾನು ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ ಕಲಿಸುತ್ತೇನೆ. ಕೊನೆಯ ಸೆಮಿಸ್ಟರಿನಲ್ಲಿ ವಿದ್ಯಾರ್ಥಿಗಳು ತಂಡವಾಗಿ ಕೂಡಿ ಇಪ್ಪತ್ತು ನಿಮಿಷದ ಕಿರುಚಿತ್ರಕ್ಕೆ ಚಿತ್ರಕಥೆ ಬರೆದು ಒಪ್ಪಿಸಬೇಕು. ಮೂರು ವರ್ಷಗಳ ಹಿಂದೆ ಐವರ ತಂಡವೊಂದು ನುವಾರ್ ಮಾದರಿಯ, ಅಂದರೆ ನೆರಳು, ಅಪರಾಧ, ಸಂಶಯಗಳಿಂದ ತುಂಬಿದ ಹಳೆಯ ಹಾಲಿವುಡ್ ಬಗೆಯ ಪತ್ತೇದಾರಿ ಚಿತ್ರ ಬರೆಯುತ್ತೇವೆ ಎಂದು ಬಂದಾಗ ನಾನು ಸಂತೋಷದಿಂದ ಒಪ್ಪಿಕೊಂಡೆ. ಆದರೆ ಆ ತಂಡಕ್ಕೆ ಕಲಿಸಿದ ರೀತಿಯಲ್ಲಿ ದೊಡ್ಡ ತಪ್ಪು ಮಾಡಿದೆ. ಅದನ್ನು ತಿದ್ದಿಕೊಳ್ಳಲು ಹೋದಾಗಲೇ ಈ ಬಗೆಯ ಕಥೆಯ ಒಳಗಟ್ಟು ಹೇಗಿರುತ್ತದೆ ಎಂಬುದು ನನಗೂ ಸರಿಯಾಗಿ ಅರ್ಥವಾಯಿತು.

ಮೊದಲ ತರಗತಿಗಳಲ್ಲಿ ನಾನು ಹೇಳಿದ್ದೆಲ್ಲ ಪಠ್ಯದಲ್ಲಿ ಸಿಗುವಂಥದ್ದೇ. ಯುದ್ಧಕಾಲದಲ್ಲಿ ಫ್ರಾನ್ಸಿಗೆ ತಲುಪದೆ ಉಳಿದಿದ್ದ ಅಮೆರಿಕದ ಚಿತ್ರಗಳು 1946ರಲ್ಲಿ ಪ್ಯಾರಿಸ್ಸಿನಲ್ಲಿ ಒಂದರ ಹಿಂದೆ ಒಂದು ತೆರೆಕಂಡವು. ನೀನೋ ಫ್ರಾಂಕ್ ಎಂಬ ವಿಮರ್ಶಕ ಅವುಗಳ ಬಗ್ಗೆ ಬರೆಯುತ್ತ 'ನುವಾರ್', ಅಂದರೆ ಕಪ್ಪು, ಎಂಬ ಪದವನ್ನು ಬಳಸಿದ. ಜರ್ಮನ್ ಮೂಕಿಚಿತ್ರಗಳ ಗಾಢ ನೆರಳು, ಕಿಟಕಿಯ ಪಟ್ಟಿಗಳ ಮೂಲಕ ಮುಖದ ಮೇಲೆ ಬೀಳುವ ಗೆರೆಗೆರೆ ಬೆಳಕು, ಹಿಂದಿನದನ್ನು ನೆನೆಯುತ್ತ ಸಾಗುವ ನಿರೂಪಣೆ, ಇವನ್ನೆಲ್ಲ ವಿವರಿಸಿದೆ. ಕೊನೆಗೆ ಒಂದು ಹಾಳೆಯಲ್ಲಿ ಪಾತ್ರಗಳ ಪಟ್ಟಿ ಬರೆದು ಹಂಚಿದೆ: ಒಂಟಿ ಪತ್ತೇದಾರ, ಅಪಾಯಕಾರಿ ಸುಂದರಿ, ಭ್ರಷ್ಟ ಪೊಲೀಸ್, ಹಣವಂತ ಖಳ, ಬಲಿಯಾಗುವ ಬಡವ. ಆ ಹಾಳೆಯೇ ನನ್ನ ತಪ್ಪು.

ಹದಿನೈದು ದಿನಗಳ ನಂತರ ಬಂದ ಮೊದಲ ಕರಡಿನಲ್ಲಿ ಈ ಐದೂ ಪಾತ್ರಗಳಿದ್ದವು. ಕಥೆ ನಡೆಯುವುದು ನಮ್ಮ ಗಂಜ್‌ನಲ್ಲಿ, ಅಂದರೆ ದವಸಧಾನ್ಯದ ಸಗಟು ಮಾರುಕಟ್ಟೆಯಲ್ಲಿ. ಅಡತ್ (ದಲ್ಲಾಳಿ) ಅಂಗಡಿಯೊಂದರ ಲೆಕ್ಕ ಬರೆಯುವ ಮುನೀಮ ನಾಲ್ಕು ದಿನಗಳಿಂದ ಮನೆಗೆ ಬಂದಿಲ್ಲ. ಅವನ ಹೆಂಡತಿ ನಿವೃತ್ತ ದಫೇದಾರನೊಬ್ಬನ ಬಳಿ ಬಂದು ಗಂಡನನ್ನು ಹುಡುಕಿಕೊಡುವಂತೆ ಕೇಳುತ್ತಾಳೆ. ದಫೇದಾರ ವಿಚಾರಿಸುತ್ತ ಹೋದಂತೆ, ಗೋದಾಮಿನಲ್ಲಿ ಇಲ್ಲದ ತೊಗರಿ ಚೀಲಗಳನ್ನು ಇವೆ ಎಂದು ತೋರಿಸಿ ಸಾವ್ಕಾರ ಬ್ಯಾಂಕಿನಲ್ಲಿ ಸಾಲ ಎತ್ತಿದ್ದಾನೆ, ಅದು ಗೊತ್ತಾದ ಮುನೀಮನನ್ನು ಕೊಲ್ಲಿಸಿದ್ದಾನೆ ಎಂಬುದು ಹೊರಬೀಳುತ್ತದೆ. ಅಪರಾಧವನ್ನು ಮಕ್ಕಳು ತಾವು ಕಂಡ ಲೋಕದಿಂದಲೇ ಆರಿಸಿಕೊಂಡಿದ್ದರು, ಅದು ನನಗೆ ತುಂಬಾ ಹಿಡಿಸಿತು. ಆದರೆ ಓದಿ ಮುಗಿಸಿದಾಗ ಮನಸ್ಸಿಗೆ ಏನೂ ತಾಗಲಿಲ್ಲ. ಚಹಾ ಅಂಗಡಿಯವನು ಒಂದು ಸುಳಿವು ಕೊಡುತ್ತಾನೆ, ಹಮಾಲ ಇನ್ನೊಂದು ಕೊಡುತ್ತಾನೆ, ಉಳಿದದ್ದನ್ನು ಮುನೀಮನ ಡೈರಿ ಹೇಳುತ್ತದೆ. ದಫೇದಾರ ಮನೆಮನೆಗೆ ಹೋಗಿ ಸುಳಿವು ಕೂಡಿಸಿಕೊಂಡು ಬರುತ್ತಾನೆ, ಅಷ್ಟೇ. ಎಲ್ಲಿ ಎಡವಿದ್ದೇವೆ ಎಂದು ನಾನು ಮಾತು ಹುಡುಕುತ್ತಿದ್ದಾಗ, ಜೇವರ್ಗಿ ಕಡೆಯಿಂದ ಬರುವ ಒಬ್ಬ ಹುಡುಗಿ ಕರಡನ್ನು ಮಡಚಿಟ್ಟು ಹೇಳಿದಳು: "ಮೇಡಂ, ಇದರಾಗ ಎಲ್ಲಾರೂ ಕೇಳಿದ ಕೂಡ್ಲೆ ಖರೇನೇ ಹೇಳ್ತಾರಲ್ರಿ."

ಆ ಒಂದು ಮಾತಿನಿಂದ ನಾನು ಪಾಠವನ್ನು ಮತ್ತೆ ಮೊದಲಿನಿಂದ ಕಟ್ಟಿದೆ.

ನಮ್ಮ ವಿಭಾಗದ ಕೋಣೆಗೆ ಶಹಾಬಾದ್ ಫರ್ಸಿ ಹಾಸಿದೆ. ಬೂದು ಬಣ್ಣದ ಆ ಕಲ್ಲಿನ ಮೇಲೆ ಸೀಮೆಸುಣ್ಣದ ಗೆರೆ ಕಪ್ಪುಹಲಗೆಗಿಂತ ಚೆನ್ನಾಗಿ ಕಾಣುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಬೆಂಚುಗಳನ್ನು ಗೋಡೆಗೆ ಸರಿಸಿ, ಕೋಣೆಯ ಉದ್ದಕ್ಕೂ ಎರಡು ಸಾಲು ಎಳೆದೆ. ಮೇಲಿನ ಸಾಲಿಗೆ 'ನಡೆದದ್ದು' ಎಂದೂ ಕೆಳಗಿನ ಸಾಲಿಗೆ 'ತಿಳಿದದ್ದು' ಎಂದೂ ಬರೆದೆ. ಪತ್ತೇದಾರಿ ಕಥೆಯಲ್ಲಿ ಅಪರಾಧದ ಕಥೆ, ತನಿಖೆಯ ಕಥೆ ಎಂದು ಎರಡು ಕಥೆಗಳಿರುತ್ತವೆ ಎಂದು ಸಾಹಿತ್ಯ ಚಿಂತಕ ತ್ಸ್ವೆತಾನ್ ತೊದೊರೊವ್ 1966ರ ಪ್ರಬಂಧವೊಂದರಲ್ಲಿ ತೋರಿಸಿದ್ದಾರೆ. ಶುದ್ಧ ಒಗಟಿನ ಕಥೆಯಲ್ಲಿ ಮೊದಲನೆಯದು ಮುಗಿದ ಮೇಲೆ ಎರಡನೆಯದು ಶುರುವಾಗುತ್ತದೆ, ಹಾಗಾಗಿ ಪತ್ತೇದಾರನಿಗೆ ಯಾವ ಕೇಡೂ ತಟ್ಟುವುದಿಲ್ಲ; ಕಪ್ಪು ಕಥೆಯಲ್ಲಿ ಎರಡೂ ಒಂದರೊಳಗೊಂದು ಬೆರೆತು, ಅಪರಾಧ ಇನ್ನೂ ನಡೆಯುತ್ತಿರುವಾಗಲೇ ಪತ್ತೇದಾರ ಅದರೊಳಗೆ ಕಾಲಿಟ್ಟಿರುತ್ತಾನೆ. ವಿದ್ಯಾರ್ಥಿಗಳ ಕರಡಿನಲ್ಲಿ ಮುನೀಮ ಮೊದಲ ದೃಶ್ಯಕ್ಕೆ ಮುಂಚೆಯೇ ಸತ್ತಿದ್ದ. ಆದ್ದರಿಂದ ಮೇಲಿನ ಸಾಲು ಚಿತ್ರ ಆರಂಭವಾಗುವ ಜಾಗದಲ್ಲಿಯೇ ನಿಂತುಹೋಗಿತ್ತು, ಕೆಳಗಿನ ಸಾಲು ಒಂಟಿಯಾಗಿ ಮುಂದೆ ಹೋಗುತ್ತಿತ್ತು. ಬೆರಳಿಟ್ಟು ತೋರಿಸುವ ಅಗತ್ಯವೇ ಬೀಳಲಿಲ್ಲ. ನೆಲದ ಮೇಲೆ ಅದು ಎಲ್ಲರಿಗೂ ಕಾಣುತ್ತಿತ್ತು.

ನಂತರ ಪ್ರತಿ ಪಾತ್ರಕ್ಕೂ ಒಂದೊಂದು ಕಲ್ಲು ಕೊಟ್ಟು, ಒಬ್ಬೊಬ್ಬ ವಿದ್ಯಾರ್ಥಿಯನ್ನು ಅದರ ಮೇಲೆ ನಿಲ್ಲಿಸಿದೆ. ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ಮೂರು ಸಂಗತಿ ಬರೆಯಬೇಕು: ನನಗೆ ಏನು ಗೊತ್ತು, ನಾನು ಏನು ಹೇಳುತ್ತೇನೆ, ನನಗೆ ಏನು ಬೇಕು. ಮೊದಲನೆಯದೂ ಎರಡನೆಯದೂ ಒಂದೇ ಆಗಿದ್ದರೆ ಆ ಪಾತ್ರ ಕಲ್ಲು ಬಿಟ್ಟು ಹೊರಗೆ ಹೋಗಬೇಕು. ಚಹಾ ಅಂಗಡಿಯವನು ಮೊದಲು ಹೊರಗೆ ಹೋದ, ಹಮಾಲನೂ ಹೋದ, ಮುನೀಮನ ಹೆಂಡತಿಯೂ ಹೋದಳು. ಕಲ್ಲಿನ ಮೇಲೆ ಸಾವ್ಕಾರ ಒಬ್ಬನೇ ಉಳಿದ.

ಈ ಹಂತದಲ್ಲಿ ನಾನು 1941ರ 'ದಿ ಮಾಲ್ಟೀಸ್ ಫಾಲ್ಕನ್' ಚಿತ್ರವನ್ನು ಮತ್ತೊಮ್ಮೆ ತೋರಿಸಿದೆ. ಡ್ಯಾಶಿಯಲ್ ಹ್ಯಾಮೆಟ್ ಸ್ವತಃ ಖಾಸಗಿ ಪತ್ತೇದಾರಿ ಸಂಸ್ಥೆಯಲ್ಲಿ ದುಡಿದ ಲೇಖಕ; ಆತನ ಕಾದಂಬರಿಯನ್ನು ಜಾನ್ ಹ್ಯೂಸ್ಟನ್ ತಮ್ಮ ನಿರ್ದೇಶನದ ಮೊದಲ ಚಿತ್ರವಾಗಿ ತೆರೆಗೆ ತಂದರು. ಈ ಸಲ ನೆರಳು ಬೆಳಕಿನ ಮಾತು ಬಿಟ್ಟು, ಯಾರು ಯಾವಾಗ ಸುಳ್ಳು ಹೇಳುತ್ತಾರೆ ಎಂಬುದನ್ನಷ್ಟೇ ಗುರುತು ಹಾಕಿಕೊಳ್ಳಲು ಹೇಳಿದೆ. ಮೊದಲ ದೃಶ್ಯದಲ್ಲೇ ಒಬ್ಬ ಮಹಿಳೆ ಸುಳ್ಳು ಹೆಸರು ಹೇಳಿಕೊಂಡು, ಇಲ್ಲದ ತಂಗಿಯ ಕಥೆ ಕಟ್ಟಿಕೊಂಡು ಪತ್ತೇದಾರ ಸ್ಯಾಮ್ ಸ್ಪೇಡ್‌ನ ಕಚೇರಿಗೆ ಬರುತ್ತಾಳೆ. ಅದೇ ರಾತ್ರಿ ಸ್ಪೇಡ್‌ನ ಪಾಲುದಾರ ಗುಂಡೇಟಿಗೆ ಸಾಯುತ್ತಾನೆ. ಆಮೇಲೆ ಬರುವವರೆಲ್ಲ ಕಪ್ಪು ಹಕ್ಕಿಯ ಪ್ರತಿಮೆಯೊಂದಕ್ಕಾಗಿ ಹೊಡೆದಾಡುತ್ತಾರೆ, ಕೊನೆಗೆ ಕೈಗೆ ಸಿಗುವ ಹಕ್ಕಿ ನಕಲಿ. ಪ್ರೇಕ್ಷಕ ಹಕ್ಕಿಯ ಹಿಂದೆ ಹೋಗುತ್ತಾನೆ. ಆದರೆ ಕಥೆಯ ಗಂಟು ಇರುವುದು ಮೊದಲ ರಾತ್ರಿಯ ಕೊಲೆಯಲ್ಲಿ, ಅದನ್ನು ಮಾಡಿದವಳು ಕೆಲಸ ಒಪ್ಪಿಸಲು ಬಂದ ಆ ಮಹಿಳೆಯೇ. ಇಡೀ ಚಿತ್ರದಲ್ಲಿ ನಾವು ಬಹುತೇಕ ಸ್ಪೇಡ್‌ನ ಜೊತೆಗೇ ಇರುತ್ತೇವೆ, ಅವನಿಗೆ ತಿಳಿದಷ್ಟೇ ನಮಗೂ ತಿಳಿಯುತ್ತದೆ. ಅವನು ಇಲ್ಲದ ಜಾಗಕ್ಕೆ ಕ್ಯಾಮೆರಾ ಹೋಗುವುದು ಆ ಕೊಲೆಯ ಕ್ಷಣದಲ್ಲಿ ಮಾತ್ರ, ಆಗಲೂ ಕೊಂದವರ ಮುಖ ಕಾಣುವುದಿಲ್ಲ.

ಪಾತ್ರ ಎಂದರೆ ಸ್ವಭಾವವಲ್ಲ, ಸತ್ಯದಿಂದ ಅವರು ಎಷ್ಟು ದೂರದಲ್ಲಿ ನಿಂತಿದ್ದಾರೆ ಎಂಬ ಲೆಕ್ಕ ಎಂಬುದು ಹೀಗೆ ಅವರಿಗೂ ನನಗೂ ಒಟ್ಟಿಗೇ ಹೊಳೆಯಿತು. ನಾನು ಹಂಚಿದ್ದ ಪಟ್ಟಿಯಲ್ಲಿ 'ಬಲಿಯಾಗುವ ಬಡವ' ಎಂದು ಬರೆದಿದ್ದೆ. ಆದರೆ ಈ ಚಿತ್ರದಲ್ಲಿ ಪೊಲೀಸರಿಗೆ ಒಪ್ಪಿಸಲು ಯಾರಾದರೊಬ್ಬ ಬೇಕು ಎಂದು ಸ್ಪೇಡ್‌ನೇ ಎಲ್ಲರ ಎದುರು ಚೌಕಾಶಿಗೆ ಕೂರುತ್ತಾನೆ. ಹಕ್ಕಿಯ ಬೆನ್ನುಹತ್ತಿದ ದಪ್ಪ ದೇಹದ ಗಟ್‌ಮನ್ ಮೊದಲು, ತನ್ನ ಬಂಟನಾದ ಹುಡುಗನನ್ನು ಕುರಿತು, ಅವನು ನನಗೆ ಮಗನಿದ್ದಂತೆ ಎನ್ನುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ಹಕ್ಕಿಗಾಗಿ ಆ ಮಗನನ್ನೇ ಬಿಟ್ಟುಕೊಡುತ್ತಾನೆ. ಹರಕೆಯ ಕುರಿ ಕಥೆಯ ಆರಂಭದಲ್ಲಿಯೇ ಗೊತ್ತಾಗಿರುವುದಿಲ್ಲ. ಉಳಿದವರ ಬೇಕುಗಳು ಒಂದಕ್ಕೊಂದು ತಾಗಿದಾಗ ಅದು ಯಾರು ಎಂಬುದು ತೀರ್ಮಾನವಾಗುತ್ತದೆ. ಪೊಲೀಸರ ಪಾತ್ರವೂ ಹಾಗೆಯೇ. ಅವರು ಭ್ರಷ್ಟರೇ ಆಗಿರಬೇಕೆಂದಿಲ್ಲ. ಪತ್ತೇದಾರನ ಮೇಲೆಯೇ ಸಂಶಯಪಟ್ಟು ಅವನಿಗೆ ಸಮಯ ಉಳಿಯದಂತೆ ಮಾಡಿದರೆ ಸಾಕು.

ಇನ್ನು ಹೆಣ್ಣಿನ ಪಾತ್ರ. ಇದರ ಬಗ್ಗೆ ನನಗೆ ಬಲವಾದ ಅಭಿಪ್ರಾಯವಿದೆ. 'ಅಪಾಯಕಾರಿ ಸುಂದರಿ' ಎಂದು ಬರೆದುಕೊಟ್ಟರೆ ವಿದ್ಯಾರ್ಥಿಗಳು ಅವಳಿಗೆ ಕೆಂಪು ಸೀರೆ ಉಡಿಸಿ ಬಿಟ್ಟುಬಿಡುತ್ತಾರೆ, ಅವಳ ಬೇಕು ಏನು ಎಂದು ಯೋಚಿಸುವುದಿಲ್ಲ. 1974ರ 'ಚೈನಾಟೌನ್' ಈ ಅಭ್ಯಾಸವನ್ನೇ ತಿರುವುಮುರುವು ಮಾಡಿದ ಚಿತ್ರ. ರಾಬರ್ಟ್ ಟೌನ್‌ಗೆ ಚಿತ್ರಕಥೆಗಾಗಿ ಆಸ್ಕರ್ ತಂದುಕೊಟ್ಟ ಆ ಕಥೆಯಲ್ಲಿ ಪತ್ತೇದಾರ ಗಿಟ್ಸ್, ಕೊಲೆಯಾದವನ ಹೆಂಡತಿ ಎವೆಲಿನ್ ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂದು ಕಂಡುಹಿಡಿಯುತ್ತಾನೆ, ಹಾಗಾದರೆ ಕೊಲೆಗಾತಿ ಅವಳೇ ಎಂದು ತಿಳಿಯುತ್ತಾನೆ. ಅವಳು ಮುಚ್ಚಿಡುತ್ತಿರುವುದು ನಿಜ. ಆದರೆ ಅದು ಅವಳ ಮೇಲೆಯೇ ನಡೆದ ಅನ್ಯಾಯ, ಮತ್ತು ಆ ಅನ್ಯಾಯ ಮಾಡಿದ ತಂದೆಯೇ ಊರಿನ ನೀರನ್ನೂ ಭೂಮಿಯನ್ನೂ ನುಂಗುತ್ತಿರುವವನು. ಮನೆಯೊಳಗಿನ ಪಾಪ, ಊರಿನ ಪಾಪ, ಎರಡಕ್ಕೂ ಒಬ್ಬನೇ ಒಡೆಯ. ಪತ್ತೇದಾರ ಸುಳ್ಳನ್ನು ಸರಿಯಾಗಿಯೇ ಹಿಡಿಯುತ್ತಾನೆ, ಕಾರಣವನ್ನು ತಪ್ಪಾಗಿ ಓದುತ್ತಾನೆ. ಅವನ ಆ ತಪ್ಪಿನಿಂದ ಅವಳ ಪ್ರಾಣ ಹೋಗುತ್ತದೆ.

ಅದೇ ಚಿತ್ರದಲ್ಲಿ ಗಿಟ್ಸ್ ದಾಖಲೆಗಳ ಕಚೇರಿಗೆ ಹೋಗಿ ಜಮೀನಿನ ರಿಜಿಸ್ಟರ್ ತಿರುವುವ ದೃಶ್ಯವೊಂದಿದೆ. ಪುಟ ಹರಿಯುವ ಸದ್ದು ಕೇಳಿಸಬಾರದೆಂದು ಕೆಮ್ಮುತ್ತ, ಅಳತೆಪಟ್ಟಿ ಒತ್ತಿಹಿಡಿದು ಬೇಕಾದಷ್ಟನ್ನು ಹರಿದುಕೊಳ್ಳುತ್ತಾನೆ. ಜಮೀನು ಕೊಂಡವರ ಹೆಸರುಗಳನ್ನು ಹುಡುಕುತ್ತ ಹೋದರೆ ಅವರೆಲ್ಲ ವೃದ್ಧಾಶ್ರಮವೊಂದರ ಮುದುಕ ಮುದುಕಿಯರು. ಅವರಲ್ಲಿ ಒಬ್ಬ ಸತ್ತ ಮೇಲೆ ಜಮೀನು ಕೊಂಡವನು! ಈ ದೃಶ್ಯ ಬಂದಾಗ ನನ್ನ ತರಗತಿ ಕುರ್ಚಿಯ ತುದಿಗೆ ಬಂದು ಕೂತಿತ್ತು. ಆಳಂದ, ಚಿತ್ತಾಪುರ, ಸೇಡಂ ಕಡೆಯ ಮಕ್ಕಳು ಅವರು. ಪಹಣಿಯಲ್ಲಿ ಯಾರ ಹೆಸರು ಇದೆ, ಹೊಲದಲ್ಲಿ ಯಾರು ಉಳುತ್ತಿದ್ದಾರೆ ಎಂಬ ಎರಡು ಬೇರೆ ಪ್ರಶ್ನೆಗಳ ನಡುವೆಯೇ ಬೆಳೆದವರು.

ಮಳೆಯ ರಾತ್ರಿ ಇಲ್ಲದೆ ನುವಾರ್ ಹೇಗೆ ಎಂಬ ಅವರ ಚಿಂತೆಗೂ ಈ ಚಿತ್ರದಲ್ಲಿಯೇ ಉತ್ತರ ಸಿಕ್ಕಿತು. ಲಾಸ್ ಏಂಜಲೀಸಿನ ಬರಗಾಲದಲ್ಲಿ, ಕಣ್ಣು ಕುಕ್ಕುವ ಬಿಸಿಲಿನಲ್ಲಿ ನಡೆಯುವ ಕಥೆ ಅದು. ಕಲಬುರಗಿಯ ಮೇ ತಿಂಗಳಿನ ಮಧ್ಯಾಹ್ನ ಎರಡು ಗಂಟೆಗೆ ಬೀದಿ ಖಾಲಿಯಾಗಿರುತ್ತದೆ, ಅಂಗಡಿಗಳ ಶಟರ್ ಅರ್ಧ ಇಳಿದಿರುತ್ತದೆ, ನೆರಳು ಕಾಲಬುಡದಲ್ಲೇ ಮುದುಡಿರುತ್ತದೆ. ಹೊರಗಿನ ಬಿಸಿಲಿನಿಂದ ಗೋದಾಮಿನೊಳಗೆ ಕಾಲಿಟ್ಟವನಿಗೆ ಕೆಲವು ಕ್ಷಣ ಏನೂ ಕಾಣುವುದಿಲ್ಲ, ಆದರೆ ಒಳಗಿರುವವನಿಗೆ ಅವನು ಪೂರ್ತಿ ಕಾಣುತ್ತಾನೆ. ವಿದ್ಯಾರ್ಥಿಗಳು ಕರಡಿನಲ್ಲಿದ್ದ ಮಳೆಯನ್ನೂ ಟೋಪಿಯನ್ನೂ ತೆಗೆದುಹಾಕಿ, ಈ ಕುರುಡಿನ ಕ್ಷಣಗಳನ್ನು ದಫೇದಾರನ ದೃಶ್ಯದಲ್ಲಿ ಇಟ್ಟರು. ಧೂಳು, ತೊಗರಿ ಹೊಟ್ಟಿನ ವಾಸನೆ, ಮೊದಲು ಒಂದು ಕೆಮ್ಮು, ಆಮೇಲೆ ನಿಧಾನವಾಗಿ ಮೂಡುವ ಒಂದು ಮುಖ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಆದದ್ದು ಮುನೀಮನ ಹೆಂಡತಿಯ ಚೀಟಿಯಲ್ಲಿ. ಜೇವರ್ಗಿಯ ಹುಡುಗಿ ಎರಡು ದಿನ ಆ ಕಲ್ಲಿನ ಮೇಲೆ ನಿಂತು ಯೋಚಿಸಿದಳು. "ಆಕಿಗಿ ಏನ್ ಬೇಕಾಗ್ಯದ ಅಂತ ಸಿಕ್ತ್ರಿ ಮೇಡಂ" ಎಂದು ಮೂರನೆಯ ದಿನ ಬಂದು ಹೇಳಿದ್ದು ನನ್ನ ವೃತ್ತಿಯಲ್ಲಿ ನಾನು ಮರೆಯದ ಕ್ಷಣಗಳಲ್ಲಿ ಒಂದು. ಅವಳು ಕಟ್ಟಿದ್ದು ಹೀಗೆ: ಮುನೀಮ ಸತ್ತಿಲ್ಲ, ಸಾವ್ಕಾರನಿಗೆ ಹೆದರಿ ಅಡಗಿದ್ದಾನೆ. ಎಲ್ಲಿದ್ದಾನೆ ಎಂಬುದು ಹೆಂಡತಿಗೆ ಗೊತ್ತು, ಏಕೆಂದರೆ ಅಡಗಿಸಿದವಳು ಅವಳೇ. ಆ ಜಾಗ ಎಷ್ಟು ಭದ್ರ ಎಂಬುದು ಮಾತ್ರ ಅವಳಿಗೆ ತಿಳಿಯದು. ಅನುಭವಿ ದಫೇದಾರನಿಗೇ ಸಿಗದಿದ್ದರೆ ಸಾವ್ಕಾರನ ಆಳುಗಳಿಗೂ ಸಿಗುವುದಿಲ್ಲ ಎಂದು ಪರೀಕ್ಷಿಸಲು ಬಂದಿದ್ದಾಳೆ. ಅವಳ ಕಣ್ಣೀರು ನಿಜ, ಭಯ ನಿಜ, ಪ್ರಶ್ನೆಯೊಂದೇ ಸುಳ್ಳು. ದಫೇದಾರ ತನ್ನ ಕಸುಬಿನಲ್ಲಿ ಜಾಣನಾದ್ದರಿಂದಲೇ ಜಾಗ ಹುಡುಕುತ್ತಾನೆ. ಅವನ ಹಿಂದೆ ಬೇರೆಯವರು ಬಂದಿರುತ್ತಾರೆ.

ಈಗ ನೆಲದ ಮೇಲಿನ ಎರಡು ಸಾಲುಗಳು ಚಿತ್ರದ ಮಧ್ಯದಲ್ಲಿ ಕೂಡಿಕೊಂಡವು. ತನಿಖೆಯೇ ಅಪರಾಧದ ದಾರಿಯಾಯಿತು. ಚಹಾ ಅಂಗಡಿಯವನಿಗೂ ಒಂದು ಮುಚ್ಚುಮರೆ ಸಿಕ್ಕಿತು: ಅವನು ದಫೇದಾರನ ಓಡಾಟವನ್ನು ಸಾವ್ಕಾರನಿಗೆ ತಲುಪಿಸುವವನು. ಹಮಾಲ ಮಾತ್ರ ಏನನ್ನೂ ಮುಚ್ಚಿಡದ ಒಬ್ಬನೇ ಪಾತ್ರವಾಗಿ ಉಳಿದ, ಮತ್ತು ಉಳಿದವರ ಬೇಕುಗಳೆಲ್ಲ ಸೇರಿ ಅವನನ್ನೇ ಆರೋಪಿಯ ಸ್ಥಾನಕ್ಕೆ ತಂದು ನಿಲ್ಲಿಸಿದವು.

ಅಂತ್ಯದ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯ ಬಂತು. ಹಳೆಯ ಹಾಲಿವುಡ್ ಚಿತ್ರಗಳಿಗೆ 1934ರಿಂದ ಕಟ್ಟುನಿಟ್ಟಾಗಿ ಜಾರಿಗೆ ಬಂದ ನಿರ್ಮಾಣ ಸಂಹಿತೆ ಇತ್ತು, ಅಪರಾಧಿಗೆ ಶಿಕ್ಷೆಯಾಗಲೇಬೇಕಿತ್ತು. ನಮಗೆ ಆ ಕಟ್ಟಳೆ ಇರಲಿಲ್ಲ. ಕೊನೆಯ ದೃಶ್ಯದಲ್ಲಿ ಠಾಣೆಯವರು ದಫೇದಾರನನ್ನು ಕರೆಸಿ, ಹಮಾಲನ ವಿರುದ್ಧದ ಪಂಚನಾಮೆಗೆ ಸಾಕ್ಷಿ ಸಹಿ ಕೇಳುತ್ತಾರೆ. ಅವನು ಸಹಿ ಮಾಡದೆ ಎದ್ದು ಬಿಸಿಲಿಗೆ ನಡೆದುಹೋಗಲಿ ಎಂಬುದು ನನ್ನ ಸಲಹೆ. ನೋಡಲು ಚೆನ್ನಾಗಿರುತ್ತದೆ ಎಂದೂ ಹೇಳಿದೆ. ವಿದ್ಯಾರ್ಥಿಗಳು ಒಪ್ಪಲಿಲ್ಲ. ಇಷ್ಟೂ ಹೊತ್ತು ಎಲ್ಲರೂ ಅವನಿಗೆ ಸುಳ್ಳು ಹೇಳಿದ್ದಾರೆ, ಈಗ ಅವನೂ ಸುಮ್ಮನೆ ಹೋದರೆ ಅದೂ ಒಂದು ಸುಳ್ಳೇ ಎಂಬುದು ಅವರ ವಾದ. ಅವರು ಬರೆದ ಕೊನೆಯ ದೃಶ್ಯದಲ್ಲಿ ದಫೇದಾರ ಪಂಚನಾಮೆಯನ್ನು ಪಕ್ಕಕ್ಕೆ ಸರಿಸಿ, ಒಂದು ಬಿಳಿ ಹಾಳೆ ಕೇಳಿ ಪಡೆಯುತ್ತಾನೆ. ಮುನೀಮನ ಅಡಗುತಾಣಕ್ಕೆ ದಾರಿ ತೋರಿಸಿದವನು ಯಾರು ಎಂಬುದನ್ನು ಮೊದಲ ಸಾಲಿನಲ್ಲಿಯೇ ಬರೆಯಲು ತೊಡಗುತ್ತಾನೆ, ಆ ಸಾಲು ಅವನ ಹೆಸರಿನಿಂದಲೇ ಆರಂಭವಾಗುತ್ತದೆ.